ಊಟದ ನಂತರದ ಗೋಷ್ಠಿಗೆ ರಸಪ್ರಶ್ನೆ: ಸಂಘಟಕರು ಗಮನಿಸಬೇಕಾದ ಸಂಗತಿಗಳು

ಸಮ್ಮೇಳನ, ವಿಚಾರ ಸಂಕಿರಣ, ಕಾರ್ಯಾಗಾರ, ಸರ್ವಸದಸ್ಯರ ಸಭೆ, ಹೆಸರು ಯಾವುದೇ ಇರಲಿ, ಮಧ್ಯಾಹ್ನದ ಊಟದ ನಂತರ ನಡೆಯುವ ಗೋಷ್ಠಿಯ ಅವಸ್ಥೆ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಉದ್ಘಾಟನೆಗೆ ತುಂಬಿದ್ದ ಸಭಾಂಗಣದಲ್ಲಿ ಎರಡೂವರೆ ಗಂಟೆಯ ಹೊತ್ತಿಗೆ ಅರ್ಧದಷ್ಟು ಕುರ್ಚಿಗಳು ಖಾಲಿಯಾಗಿರುತ್ತವೆ. ಉಳಿದವರಲ್ಲಿ ಕೆಲವರು ನಿದ್ರಾವಶರು, ಕೆಲವರು ಮೊಬೈಲ್ ಮಗ್ನರು. ವಿಪರ್ಯಾಸವೆಂದರೆ, ಸಭಿಕರಿಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಷಯವನ್ನು, ಅಂದರೆ ಹೊಸ ತೆರಿಗೆ ನಿಯಮ, ಬೆಳೆಗೆ ತಗುಲಿದ ರೋಗದ ಹತೋಟಿ, ಸಾಲದ ಯೋಜನೆಯ ಷರತ್ತು ಇವುಗಳನ್ನು ಸಂಘಟಕರು ಇಡುವುದು ಇದೇ ಹೊತ್ತಿಗೆ. ಬೆಳಗಿನ ಅಮೂಲ್ಯ ಸಮಯವೆಲ್ಲ ಸ್ವಾಗತ, ಸನ್ಮಾನ ಮತ್ತು ಅಧ್ಯಕ್ಷೀಯ ಭಾಷಣಗಳಿಗೆ ಸಂದುಹೋಗಿರುತ್ತದೆ.

ಈ ಹೊತ್ತನ್ನು ಉಳಿಸಿಕೊಳ್ಳಲು ರಸಪ್ರಶ್ನೆ ಒಂದು ಸಾಧನವಾಗಬಲ್ಲದು. ಆದರೆ ಅದನ್ನು ಕೇವಲ ಮನರಂಜನೆಯೆಂದು ಪರಿಗಣಿಸಿದಲ್ಲಿ ಅದರ ಅರ್ಧ ಪ್ರಯೋಜನ ಮಾತ್ರ ದೊರೆಯುತ್ತದೆ. ಬೆಳಗಿನ ಉಪನ್ಯಾಸ ಸಭಿಕರಿಗೆ ಎಷ್ಟು ತಲುಪಿತು ಎಂಬುದನ್ನು ಸ್ಥಳದಲ್ಲಿಯೇ ತಿಳಿಸಿಕೊಡುವ ಅಗ್ಗದ ಮಾಪನ ಇದಕ್ಕಿಂತ ಬೇರೊಂದಿಲ್ಲ. ಚಪ್ಪಾಳೆ ಅಳತೆಯಲ್ಲ, ಹಿಂಬರಹದ ನಮೂನೆಯಲ್ಲಿ ಎಲ್ಲರೂ ‘ಉತ್ತಮ’ ಎಂದೇ ಗುರುತು ಹಾಕುತ್ತಾರೆ.

ಕರ್ನಾಟಕದ ಅನುಭವ

ಭಾರತದಲ್ಲಿ ಸಾರ್ವಜನಿಕ ರಸಪ್ರಶ್ನೆಯ ಆರಂಭವನ್ನು ಸಾಮಾನ್ಯವಾಗಿ 1967ರಲ್ಲಿ ಕೋಲ್ಕತ್ತಾದಲ್ಲಿ ನೀಲ್ ಓಬ್ರಿಯನ್ ನಡೆಸಿದ ಸ್ಪರ್ಧೆಯಿಂದ ಗುರುತಿಸಲಾಗುತ್ತದೆ. ಬೆಂಗಳೂರಿನಲ್ಲಿ 1983ರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಮತ್ತು ಸಂಗಡಿಗರ ಪ್ರಯತ್ನದಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪನೆಯಾಯಿತು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟ ‘ಕ್ವಿಜ್ ಟೈಮ್’ ಈ ಆಟವನ್ನು ಮನೆಮನೆಗೆ ಮುಟ್ಟಿಸಿತು. ಇವೆಲ್ಲವೂ ಬಹುತೇಕ ಇಂಗ್ಲಿಷ್ ಬಲ್ಲ ನಗರವಾಸಿಗಳ ವಲಯದಲ್ಲಿ ಬೆಳೆದವು.

ಸಮ್ಮೇಳನದ ಅಂಗವಾಗಿ ರಸಪ್ರಶ್ನೆಯನ್ನು ಏರ್ಪಡಿಸುವ ವಿಷಯದಲ್ಲಿ ಕರ್ನಾಟಕದ ಮಹತ್ವದ ಉದಾಹರಣೆ 2000ದಲ್ಲಿ ಆರಂಭವಾದ ಗ್ರಾಮೀಣ ಮಾಹಿತಿ ತಂತ್ರಜ್ಞಾನ ರಸಪ್ರಶ್ನೆ. ರಾಜ್ಯ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯೊಡಗೂಡಿ ಇದನ್ನು ರೂಪಿಸಿತು. ಬೆಂಗಳೂರು ನಗರದ ವಿದ್ಯಾರ್ಥಿಗಳನ್ನು ಹೊರಗಿಟ್ಟು, ಸಣ್ಣ ಪಟ್ಟಣ ಮತ್ತು ಹಳ್ಳಿಗಳ ಎಂಟನೆಯ ತರಗತಿಯಿಂದ ಪದವಿಪೂರ್ವದವರೆಗಿನ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. ವಿವಿಧ ಜಿಲ್ಲಾ ಕೇಂದ್ರಗಳಲ್ಲಿ ಲಿಖಿತ ಪರೀಕ್ಷೆ ಮತ್ತು ವೇದಿಕೆ ಸುತ್ತುಗಳು ನಡೆದು, ಅಂತಿಮ ಸ್ಪರ್ಧೆಯು ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮೇಳದಲ್ಲಿ, ಉದ್ಯಮಿಗಳ ಮತ್ತು ಪ್ರತಿನಿಧಿಗಳ ಎದುರು ನಡೆಯುತ್ತಿತ್ತು. ಆ ಮೇಳ ಅಂದು ‘ಬೆಂಗಳೂರು ಐಟಿ ಡಾಟ್ ಕಾಮ್’ ಎಂದು ಹೆಸರಾಗಿತ್ತು. ಮುಂದೆ ಅದೇ ‘ಬೆಂಗಳೂರು ಟೆಕ್ ಶೃಂಗಸಭೆ’ಯಾಯಿತು. ಗಿರಿ ಬಾಲಸುಬ್ರಮಣ್ಯಂ ಇದರ ನಿರ್ವಾಹಕರಾಗಿ ಪರಿಚಿತರು. 2020ರಲ್ಲಿ ಕೋವಿಡ್ ಕಾರಣದಿಂದ ಸ್ಪರ್ಧೆ ಆನ್‌ಲೈನ್ ರೂಪ ತಳೆಯಿತು.

ಈ ಏರ್ಪಾಡಿನಲ್ಲಿ ಎರಡು ಅಂಶಗಳು ಅನುಕರಣೀಯ. ಮೊದಲನೆಯದು, ಯಾರಿಗಾಗಿ ಎಂಬುದನ್ನು ಮುಂಚಿತವಾಗಿಯೇ ಖಚಿತಪಡಿಸಿಕೊಂಡದ್ದು. ನಗರದ ಪಳಗಿದ ತಂಡಗಳು ಬಂದಿದ್ದರೆ ಹಳ್ಳಿಯ ಮಕ್ಕಳು ಪ್ರೇಕ್ಷಕರಾಗಿಯೇ ಉಳಿಯುತ್ತಿದ್ದರು. ಎರಡನೆಯದು, ರಸಪ್ರಶ್ನೆಯ ವಿಷಯಕ್ಕೂ ಸಮ್ಮೇಳನದ ವಿಷಯಕ್ಕೂ ಇದ್ದ ನಂಟು. ಕಾಫಿ ಬೆಳೆಗಾರರ ಸಮಾವೇಶದಲ್ಲಿ ಹಿಂದಿ ಚಲನಚಿತ್ರದ ಪ್ರಶ್ನೆಗಳನ್ನು ಕೇಳುವ ಪರಿಪಾಠ ಇನ್ನೂ ಅಲ್ಲಲ್ಲಿ ಕಂಡುಬರುವುದರಿಂದ ಇದನ್ನು ಹೇಳಬೇಕಾಗಿದೆ.

ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ದೀರ್ಘಕಾಲದ ಪ್ರಯೋಗವೆಂದರೆ ದೂರದರ್ಶನ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು 2002ರ ಜನವರಿಯಿಂದ ನಡೆಸಿಕೊಂಡು ಬಂದ ಈ ಕಾರ್ಯಕ್ರಮ ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ದಾಟಿದೆ. ಲಕ್ಷ ರೂಪಾಯಿಯ ಆಮಿಷವಿಲ್ಲ, ಕಣ್ಣು ಕೋರೈಸುವ ದೀಪಾಲಂಕಾರವಿಲ್ಲ. ಸರಿಯುತ್ತರಕ್ಕೆ ಕೊಡುವುದು ಒಂದು ಪುಸ್ತಕ. ಆದರೂ ಜನ ನೋಡಿದರು. ಇದಕ್ಕೆ ಮುಖ್ಯ ಕಾರಣ, ಉತ್ತರ ಬಂದ ಮೇಲೆ ನಿರ್ವಾಹಕರು ಕೊಡುವ ವಿವರಣೆ. ‘ಸರಿ’ ಅಥವಾ ‘ತಪ್ಪು’ ಎಂಬಲ್ಲಿಗೆ ಮಾತು ನಿಲ್ಲದೆ ಏಕೆ ಸರಿ, ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಮನೆಯಲ್ಲಿ ಕುಳಿತವನು ಉತ್ತರ ಗೊತ್ತಿಲ್ಲದಿದ್ದರೂ ಬರಿಗೈಯಲ್ಲಿ ಏಳುವುದಿಲ್ಲ.

ಇನ್ನು, ಸಭಿಕರನ್ನೇ ಆಟದೊಳಗೆ ಎಳೆದುಕೊಳ್ಳುವ ಉಪಾಯವನ್ನು ಜನಪ್ರಿಯಗೊಳಿಸಿದ ಶ್ರೇಯ 2000ದ ಜುಲೈ 3ರಂದು ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’ಗೂ, 2012ರಲ್ಲಿ ಪುನೀತ್ ರಾಜಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಗೂ ಸಲ್ಲಬೇಕು. ಸ್ಪರ್ಧಿಯು ಸಭಿಕರ ಅಭಿಪ್ರಾಯ ಕೇಳಿದೊಡನೆ ಎಲ್ಲರೂ ಗುಂಡಿ ಒತ್ತುತ್ತಾರೆ, ಪರದೆಯ ಮೇಲೆ ಗೆರೆಗಳು ಏಳುತ್ತವೆ. ಆ ಕೆಲವು ಕ್ಷಣಗಳಲ್ಲಿ ಸಭಾಂಗಣದಲ್ಲಿ ನಿದ್ರಿಸುವವರು ಯಾರೂ ಇರುವುದಿಲ್ಲ.

ವೇದಿಕೆಯ ಮೇಲೆ ಆರು ತಂಡ, ಕೆಳಗೆ ಮುನ್ನೂರು ಜನ

ಸಂಘಟಕರು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿಯೇ. ಕಾಲೇಜಿನ ಮಾದರಿಯನ್ನು ಅನುಸರಿಸಿ ವೇದಿಕೆಯ ಮೇಲೆ ಆರು ತಂಡಗಳನ್ನು ಕೂರಿಸಿ, ಪ್ರಶ್ನೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುತ್ತಾರೆ. ಪ್ರತಿ ತಂಡಕ್ಕೆ 15 ಸೆಕೆಂಡ್ ಎಂದಿಟ್ಟುಕೊಂಡರೂ ಯಾರಿಗೂ ಉತ್ತರ ತಿಳಿಯದ ಒಂದು ಪ್ರಶ್ನೆಗೆ ಒಂದೂವರೆ ನಿಮಿಷದ ಮೌನ. ಅಂತಹ ನಾಲ್ಕು ಪ್ರಶ್ನೆಗಳು ಒಟ್ಟಿಗೆ ಬಂದರೆ ಸಭೆ ಚದುರಿದಂತೆಯೇ. ಪಳಗಿದ ರಸಪ್ರಶ್ನಾಸಕ್ತರ ಕೂಟಗಳಲ್ಲಿ ಇದಕ್ಕೆ ಪರಿಹಾರವಾಗಿ ‘ಪೌನ್ಸ್’ ಎಂಬ ಕ್ರಮ ಬಳಕೆಯಲ್ಲಿದೆ: ಪ್ರಶ್ನೆ ಯಾರದೇ ಇರಲಿ, ಉತ್ತರ ಖಚಿತವಾಗಿ ಗೊತ್ತಿರುವ ತಂಡವು ಕೂಡಲೇ ಚೀಟಿಯಲ್ಲಿ ಬರೆದು ಕೊಡಬಹುದು, ತಪ್ಪಾದರೆ ಅಂಕ ಕಡಿತ. ಇದರಿಂದ ಎಲ್ಲ ತಂಡಗಳೂ ಎಲ್ಲ ಪ್ರಶ್ನೆಗಳಿಗೂ ಎಚ್ಚರವಾಗಿರುತ್ತವೆ. ಆದರೆ ಮೊದಲ ಬಾರಿಗೆ ರಸಪ್ರಶ್ನೆ ನೋಡುತ್ತಿರುವ ವರ್ತಕರ ಸಭೆಯಲ್ಲಿ ಈ ನಿಯಮಗಳನ್ನು ವಿವರಿಸುವುದರಲ್ಲಿಯೇ ಹತ್ತು ನಿಮಿಷ ಕಳೆಯುತ್ತದೆ. ಸಮ್ಮೇಳನಕ್ಕೆ ಇದು ಹೇಳಿಸಿದ್ದಲ್ಲ.

ಸಮ್ಮೇಳನದಲ್ಲಿ ಸಭಿಕರೇ ಸ್ಪರ್ಧಿಗಳಾಗಬೇಕು. ವೇದಿಕೆಯ ಮೇಲೆ ನಿರ್ವಾಹಕರೊಬ್ಬರೇ ಸಾಕು. ಪಕ್ಕದಲ್ಲಿ ಅಂಕ ಬರೆಯುವವರೊಬ್ಬರು. ಎಂಟು-ಹತ್ತು ಜನರ ಸಾಲನ್ನು ಒಂದು ತಂಡವೆಂದು ಪರಿಗಣಿಸುವುದು ಅತ್ಯಂತ ಸುಲಭದ ವಿಧಾನ. ಅಪರಿಚಿತರು ತಲೆಗೆ ತಲೆ ಕೊಟ್ಟು ಚರ್ಚಿಸುತ್ತಾರೆ. ಸಮ್ಮೇಳನದ ಉದ್ದೇಶಗಳಲ್ಲಿ ಪರಸ್ಪರ ಪರಿಚಯವೂ ಒಂದು ಎಂಬುದು ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಉಳಿಯುವುದು ತಪ್ಪುತ್ತದೆ. ಅಧ್ಯಕ್ಷರನ್ನೋ ಹಿರಿಯ ನಿರ್ದೇಶಕರನ್ನೋ ಒಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುವುದು ಮಾತ್ರ ಸಲ್ಲದು. ನಲವತ್ತು ವರ್ಷ ತೋಟ ಮಾಡಿದ ಹಿರಿಯರು, ಅಥವಾ ದಿನಕ್ಕೆ ನೂರಾರು ಚೀಲ ತೂಗುವ ಮಂಡಿಯ ಯಜಮಾನರು, ನಾಲ್ಕು ಜನರ ಮುಂದೆ ಒಂದು ಇಸವಿ ನೆನಪಾಗದೆ ತಡವರಿಸಿದರೆ ಮುಂದಿನ ವರ್ಷ ಅವರು ಸಭೆಗೇ ಬರುವುದಿಲ್ಲ.

ಪ್ರಶ್ನೆ ಕೇಳುವುದನ್ನೇ ಪ್ರೇಕ್ಷಣೀಯವಾಗಿಸಿದ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಲ್ಲಿ ಪೃಚ್ಛಕರು ನಿಷೇಧಾಕ್ಷರಿ, ಸಮಸ್ಯಾಪೂರ್ತಿ, ದತ್ತಪದಿ ಮುಂತಾದ ಗಹನ ಪ್ರಶ್ನೆಗಳನ್ನು ಒಡ್ಡುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗದವರು ತಲೆಹರಟೆಯ ಪ್ರಶ್ನೆ ಎಸೆದು ಸಭೆಯನ್ನು ನಗಿಸುತ್ತಾರೆ. ಛಂದಸ್ಸು ತಿಳಿಯದವರೂ ಗಂಟೆಗಟ್ಟಲೆ ಕುಳಿತಿರುವುದಕ್ಕೆ ಈ ಗಂಭೀರ-ಲಘುಗಳ ಹದವೇ ಕಾರಣ. ಮೂರು ಕಠಿಣ ಪ್ರಶ್ನೆಗಳ ನಂತರ ಒಂದು ಹಗುರ ಪ್ರಶ್ನೆ ಎಂಬ ಲೆಕ್ಕ ವಾಣಿಜ್ಯ ಸಮ್ಮೇಳನಕ್ಕೂ ಹೊಂದುತ್ತದೆ.

ವರದಹಳ್ಳಿ ಸೀಮೆಯ ಸಭೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಭೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಶ್ರೀಧರ ಸ್ವಾಮಿಗಳ ಆಶ್ರಮದಿಂದ ನಾಡಿನಾದ್ಯಂತ ಪರಿಚಿತವಾದ ವರದಹಳ್ಳಿಯ ಸುತ್ತಣ ಈ ಪ್ರದೇಶದಲ್ಲಿ ಸಭೆಗೆ ಬರುವವರು ಅಡಿಕೆ ಬೆಳೆಗಾರರು, ಮಂಡಿ ವರ್ತಕರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಕಿರಾಣಿ ಮತ್ತು ಗೊಬ್ಬರದ ಅಂಗಡಿಯವರು. ಶಿವಮೊಗ್ಗದ ಮ್ಯಾಮ್‌ಕೋಸ್ 1939ರಷ್ಟು ಹಿಂದಿನದು. ಸಹಕಾರದ ವಿಷಯದಲ್ಲಿ ಈ ಸಭಿಕರಿಗೆ ಪಾಠ ಹೇಳುವ ಅಗತ್ಯವಿಲ್ಲ. ಹೆಗ್ಗೋಡಿನ ನೀನಾಸಂನ ಚರ್ಚಾಗೋಷ್ಠಿಗಳು, ಊರೂರಿನ ತಾಳಮದ್ದಲೆಗಳು ಇವರ ಕಿವಿಯನ್ನು ಪಳಗಿಸಿವೆ. ಮಾತಿಗೆ ಮಾತು ಕೊಡುವ ಸಭೆ ಇದು. ನಿರ್ವಾಹಕರು ಸಿದ್ಧತೆಯಿಲ್ಲದೆ ಬಂದರೆ ಮೊದಲ ಐದು ನಿಮಿಷದಲ್ಲಿಯೇ ಸಿಕ್ಕಿಬೀಳುತ್ತಾರೆ.

ಪ್ರಾಯೋಗಿಕ ತೊಡಕುಗಳೂ ಇಲ್ಲಿ ಬೇರೆಯೇ. ಸಹಕಾರ ಸಂಘಗಳ ಸರ್ವಸದಸ್ಯರ ಸಭೆಗಳು ನಡೆಯುವುದು ಹೆಚ್ಚಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ, ಮಳೆ ಪೂರ್ತಿ ಬಿಡದ ಕಾಲದಲ್ಲಿ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಧ್ವನಿವರ್ಧಕವಿದ್ದರೂ ಪ್ರಶ್ನೆ ಹಿಂದಿನ ಸಾಲಿಗೆ ಕೇಳಿಸದು. ವಿದ್ಯುತ್ತು ಯಾವಾಗ ಹೋಗುತ್ತದೆಂದು ಹೇಳಲಾಗದು. ಶರಾವತಿ ಹಿನ್ನೀರಿನ ಅಂಚಿನ ಊರುಗಳಲ್ಲಿ ಮೊಬೈಲ್ ಸಂಕೇತ ಗುಡ್ಡದ ಒಂದು ಬದಿಗೆ ಸಿಕ್ಕರೆ ಇನ್ನೊಂದು ಬದಿಗೆ ಸಿಗುವುದಿಲ್ಲ. ಇದೆಲ್ಲ ಗೊತ್ತಿದ್ದೂ ಬೆಂಗಳೂರಿನ ಹೋಟೆಲಿನಲ್ಲಿ ನೋಡಿದ ಮಾದರಿಯನ್ನೇ ಇಲ್ಲಿಗೆ ತಂದರೆ ಕಾರ್ಯಕ್ರಮ ಕೈಕೊಡುವುದು ನಿಶ್ಚಿತ.

ಮೊಬೈಲೋ, ಬಣ್ಣದ ಕಾಗದವೋ

ಈಗ ಸಮ್ಮೇಳನಗಳಲ್ಲಿ ಮೊಬೈಲ್ ಆಧಾರಿತ ರಸಪ್ರಶ್ನೆ ಸಾಮಾನ್ಯವಾಗಿದೆ. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಸಾರ್ವಜನಿಕರಿಗೆ ದೊರೆತ ‘ಕಹೂಟ್’, ಸ್ವೀಡನ್ನಿನ ‘ಮೆಂಟಿಮೀಟರ್’, ಸ್ಲೊವಾಕಿಯಾದ ‘ಸ್ಲೈಡೋ’ ಇವುಗಳಲ್ಲಿ ಪ್ರಮುಖವಾದವು. ಪರದೆಯ ಮೇಲೆ ಸಂಕೇತ ಸಂಖ್ಯೆ ತೋರಿಸಲಾಗುತ್ತದೆ. ಸಭಿಕರು ತಮ್ಮ ಮೊಬೈಲಿನಲ್ಲಿ ಅದನ್ನು ನಮೂದಿಸಿ ಆಟಕ್ಕೆ ಸೇರುತ್ತಾರೆ. ಉತ್ತರಗಳು ತಾವಾಗಿ ಎಣಿಕೆಯಾಗುತ್ತವೆ, ಮುಂದಿರುವವರ ಹೆಸರುಗಳು ಪ್ರತಿ ಪ್ರಶ್ನೆಯ ನಂತರ ಮೂಡುತ್ತವೆ. ಕನ್ನಡ ಅಕ್ಷರಗಳಲ್ಲಿಯೂ ಪ್ರಶ್ನೆ ಸಿದ್ಧಪಡಿಸಬಹುದು. ಉಚಿತ ಬಳಕೆಯಲ್ಲಿ ಭಾಗವಹಿಸುವವರ ಸಂಖ್ಯೆಗೆ ಮಿತಿ ಇರುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆದರೆ ಇವುಗಳಲ್ಲಿ ಒಂದು ಅನ್ಯಾಯವೂ ಅಡಗಿದೆ. ಕಹೂಟ್‌ನಂತಹ ವ್ಯವಸ್ಥೆಗಳು ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುತ್ತವೆ. ಸಂಕೇತ ದುರ್ಬಲವಾಗಿರುವ ಮೂಲೆಯಲ್ಲಿ ಕುಳಿತವರಿಗೆ, ಕನ್ನಡಕ ಹುಡುಕುವ ಹಿರಿಯರಿಗೆ, ಸಾದಾ ಮೊಬೈಲ್ ಇಟ್ಟುಕೊಂಡವರಿಗೆ ಸೋಲು ಆರಂಭದಲ್ಲಿಯೇ ನಿಗದಿಯಾಗಿರುತ್ತದೆ. ಗೆಲ್ಲುವವರು ಸಭೆಗೆ ಸ್ವಯಂಸೇವಕರಾಗಿ ಬಂದ ಕಾಲೇಜು ಹುಡುಗರು. ವೇಗದ ಅಂಕವನ್ನು ತೆಗೆದುಹಾಕುವ ಅವಕಾಶವಿದ್ದಲ್ಲಿ ತೆಗೆಯುವುದು ಲೇಸು.

ಮಲೆನಾಡಿನ ಸಭಾಂಗಣಕ್ಕೆ ಹೇಳಿಸಿದ್ದೆಂದರೆ ಬಣ್ಣದ ಕಾಗದ. ಕೆಂಪು, ಹಸಿರು, ಹಳದಿ, ನೀಲಿ ನಾಲ್ಕು ಭಾಗಗಳಿರುವ ಒಂದು ಹಾಳೆಯನ್ನು ಪ್ರತಿಯೊಬ್ಬರಿಗೂ ನೋಂದಣಿಯ ಕಡತದಲ್ಲಿಯೇ ಇರಿಸಬಹುದು. ಉತ್ತರದ ಬಣ್ಣ ಹೊರಗೆ ಕಾಣುವಂತೆ ಮಡಚಿ ಎತ್ತಿ ಹಿಡಿದರೆ ಆಯಿತು. ಬಣ್ಣ ಗುರುತಿಸಲು ಕಷ್ಟವಿರುವವರೂ ಸಭೆಯಲ್ಲಿರುತ್ತಾರಾದ್ದರಿಂದ ಪ್ರತಿ ಬಣ್ಣದ ಮೇಲೆ ಅ, ಆ, ಇ, ಈ ಎಂದು ದಪ್ಪಕ್ಷರದಲ್ಲಿ ಮುದ್ರಿಸುವುದು ಅಗತ್ಯ. ವಿದ್ಯುತ್ತು ಬೇಡ, ಸಂಕೇತ ಬೇಡ. ಮುನ್ನೂರು ಜನ ಏಕಕಾಲಕ್ಕೆ ಹಾಳೆ ಎತ್ತಿದಾಗ ಯಾವ ಬಣ್ಣ ಹೆಚ್ಚಿದೆಯೆಂಬುದು ವೇದಿಕೆಯಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಹಿಂದೆ ತಿರುಗಿ ನೋಡುವ ಸಭಿಕರಿಗೂ ತಿಳಿಯುತ್ತದೆ, ಮತ್ತು ಅಲ್ಲಿಯೇ ಗುಸುಗುಸು ಆರಂಭವಾಗುತ್ತದೆ. ಆ ಗುಸುಗುಸುವೇ ಯಶಸ್ಸಿನ ಲಕ್ಷಣ. ನಿರ್ವಾಹಕರು ಅದನ್ನು ಅವಸರದಿಂದ ಅಡಗಿಸಬಾರದು.

ಎಲ್ಲರನ್ನೂ ನಿಲ್ಲಿಸಿ, ಸರಿ-ತಪ್ಪು ಪ್ರಶ್ನೆಗಳಲ್ಲಿ ಸೋತವರನ್ನು ಕೂರಿಸುತ್ತ ಹೋಗುವ ಇನ್ನೊಂದು ಕ್ರಮವೂ ಉಂಟು. ಬರೀ ಊಹೆಯಿಂದ ಉತ್ತರಿಸಿದರೂ ಮುನ್ನೂರು ಜನರಲ್ಲಿ ಐದು ಪ್ರಶ್ನೆಗಳ ನಂತರ ನಿಂತಿರುವವರು ಒಂಬತ್ತು-ಹತ್ತು ಮಂದಿ ಮಾತ್ರ. ಊಟದ ಭಾರ ಇಳಿಸಲು ಇದು ಒಳ್ಳೆಯದೇ. ಆದರೆ ಮೊದಲ ಪ್ರಶ್ನೆಗೇ ಕುಳಿತ ನೂರೈವತ್ತು ಜನರಿಗೆ ಆಮೇಲೆ ಕೆಲಸವಿಲ್ಲದ ಕಾರಣ ಆರಂಭದ ಐದು ನಿಮಿಷಕ್ಕೆ ಮಾತ್ರ ಇದನ್ನು ಬಳಸತಕ್ಕದ್ದು.

ಪ್ರಶ್ನೆ ಎಂತಿರಬೇಕು

ರಸಪ್ರಶ್ನೆಯ ಜೀವ ಇರುವುದು ಪ್ರಶ್ನೆಯ ರಚನೆಯಲ್ಲಿ. ‘ಮ್ಯಾಮ್‌ಕೋಸ್ ಸ್ಥಾಪನೆಯಾದ ವರ್ಷ ಯಾವುದು?’ ಎಂಬುದು ಪರೀಕ್ಷೆಯ ಪ್ರಶ್ನೆ. ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಯೋಚಿಸಲು ಏನೂ ಇಲ್ಲ. ಇದಕ್ಕೆ ಬದಲಾಗಿ ಹೀಗೆ ಕೇಳಬಹುದು: ‘ಸಾಗರ ತಾಲ್ಲೂಕಿನಲ್ಲಿ ಬಿದ್ದ ಮಳೆಯ ಒಂದು ಪಾಲು ಅರಬ್ಬಿ ಸಮುದ್ರಕ್ಕೂ ಇನ್ನೊಂದು ಪಾಲು ಬಂಗಾಳ ಕೊಲ್ಲಿಗೂ ಸೇರುತ್ತದೆ. ಒಯ್ಯುವ ಎರಡು ನದಿಗಳು ಯಾವುವು?’ ಉತ್ತರ ಎಲ್ಲರ ಕಣ್ಣೆದುರಿಗಿದೆ, ಆದರೆ ಹೀಗೆ ಯೋಚಿಸಿದವರು ಕಡಿಮೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರಗಳನ್ನು ಹಾದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯ ಕಡೆಗೆ ಹರಿದು, ಮುಂದೆ ತುಂಗಭದ್ರೆಯನ್ನೂ ಆ ಮೂಲಕ ಕೃಷ್ಣೆಯನ್ನೂ ಕೂಡಿ ಪೂರ್ವದ ಕಡಲಿಗೆ ಹೋಗುತ್ತದೆ. ಚರ್ಚಿಸಿ ತಲುಪಬಹುದಾದ, ತಲುಪಿದ ಮೇಲೆ ‘ಅರೆ, ಹೌದಲ್ಲ’ ಎನಿಸುವ ಇಂತಹ ಪ್ರಶ್ನೆಗಳೇ ಸಭೆಯನ್ನು ಹಿಡಿದಿಡುತ್ತವೆ.

ಸಭಿಕರು ನಿರ್ವಾಹಕರಿಗಿಂತ ಹೆಚ್ಚು ಬಲ್ಲ ವಿಷಯಗಳಲ್ಲಿ ವಿಶೇಷ ಎಚ್ಚರ ಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ವರ್ಗಗಳಲ್ಲಿ ಧಾರಣೆಯಲ್ಲಿ ಸಾಮಾನ್ಯವಾಗಿ ಸರಕು ಮುಂದು ಎಂಬುದು ಈ ಭಾಗದ ಶಾಲಾ ಮಕ್ಕಳಿಗೂ ಗೊತ್ತು. ಹೊರಗಿನಿಂದ ಬಂದವರು ‘ಕೆಂಪಡಿಕೆ’ ಮತ್ತು ‘ಚಾಲಿ’ಯನ್ನು ಅದಲುಬದಲು ಮಾಡಿದರೆ ಉಳಿದ ಹದಿನಾಲ್ಕು ಪ್ರಶ್ನೆಗಳು ಎಷ್ಟೇ ಚೆನ್ನಾಗಿದ್ದರೂ ನಂಬುವವರಿಲ್ಲ. ಸ್ಥಳೀಯರಿಬ್ಬರಿಗೆ ಪ್ರಶ್ನೆಗಳನ್ನು ಮೊದಲೇ ಓದಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಆ ಇಬ್ಬರು ಅಂದು ಸ್ಪರ್ಧೆಯಲ್ಲಿ ಭಾಗವಹಿಸಬಾರದು, ಅಷ್ಟೆ.

ವೇದಿಕೆಯಿಂದ ಹೊರಟ ತಪ್ಪು

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಇದು. ಸಿನಿಮಾ ರಸಪ್ರಶ್ನೆಯಲ್ಲಿ ಉತ್ತರ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಬೆಳೆಗಾರರ ಅಥವಾ ವರ್ತಕರ ಸಭೆಯಲ್ಲಿ ಮೈಕಿನ ಮುಂದೆ ‘ಸರಿಯುತ್ತರ’ ಎಂದು ಘೋಷಿಸಿದ ಮಾತನ್ನು ಜನ ಮನೆಗೆ ಒಯ್ಯುತ್ತಾರೆ, ಅದರಂತೆ ನಡೆಯುತ್ತಾರೆ.

ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೊ ದ್ರಾವಣವನ್ನೇ ನೋಡಬಹುದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಬಹುತೇಕ ಎಲ್ಲರಿಗೂ ಬಾಯಿಪಾಠ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂದು ಕೇಳಿದರೆ ಸಭೆ ಎರಡಾಗುವ ಸಂಭವವಿದೆ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ನೀರಿಗೆ ಸುರಿಯಬೇಕೆಂಬುದು ಶಿಫಾರಸು; ವಿರುದ್ಧ ಕ್ರಮದಲ್ಲಿ ಬೆರೆಸಿದರೆ ದ್ರಾವಣದ ಗುಣ ಕೆಡುತ್ತದೆ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಪಾತ್ರೆಯೂ ಲೋಹದ್ದಾಗಬಾರದು. ಈ ಒಂದೇ ಪ್ರಶ್ನೆಯಲ್ಲಿ ಬೆಳಗಿನ ಉಪನ್ಯಾಸದ ಅರ್ಧ ಸಾರವಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಕಾಡಿರುವಾಗ ಔಷಧಿಯ ಪ್ರಮಾಣ, ಕಾಲ ಇವುಗಳ ಬಗ್ಗೆ ಕೇಳುವ ಯಾವ ಪ್ರಶ್ನೆಯೂ ಆಟದ ಪ್ರಶ್ನೆಯಲ್ಲ.

ಇಲ್ಲಿಯೇ ಬಣ್ಣದ ಹಾಳೆಗಳ ನಿಜವಾದ ಉಪಯೋಗ ಕಾಣುವುದು. ಮುನ್ನೂರರಲ್ಲಿ ನೂರೆಂಬತ್ತು ಹಾಳೆಗಳು ತಪ್ಪು ಬಣ್ಣ ತೋರಿಸಿದವೆಂದು ಭಾವಿಸೋಣ. ಸಭಿಕರು ದಡ್ಡರೆಂದು ಇದರ ಅರ್ಥವಲ್ಲ. ಉಪನ್ಯಾಸ ತಲುಪಿಲ್ಲವೆಂದು ಅರ್ಥ. ಆಗ ನಿರ್ವಾಹಕರು ಅಂಕ ಬರೆಸಿ ಮುಂದಕ್ಕೆ ಹೋಗಕೂಡದು. ಬೆಳಿಗ್ಗೆ ಮಾತನಾಡಿದ ಸಂಪನ್ಮೂಲ ವ್ಯಕ್ತಿಯನ್ನು ಎರಡು ನಿಮಿಷ ಮೈಕಿಗೆ ಕರೆದು ವಿವರಣೆ ಕೊಡಿಸಬೇಕು. ಆದ್ದರಿಂದ ಉಪನ್ಯಾಸಕರು ಮಧ್ಯಾಹ್ನದ ಊಟ ಮುಗಿಸಿ ಕಾರು ಹತ್ತದಂತೆ ನೋಡಿಕೊಳ್ಳುವುದೂ ಸಂಘಟಕರ ಕರ್ತವ್ಯಗಳಲ್ಲಿ ಸೇರುತ್ತದೆ. ಇದು ಸುಲಭದ ಕೆಲಸವಲ್ಲವೆಂಬುದು ಸಂಘಟಕರೆಲ್ಲರಿಗೂ ತಿಳಿದದ್ದೇ.

ತೆರಿಗೆಯ ಪ್ರಶ್ನೆಗಳಿಗಂತೂ ಆಯುಷ್ಯವೇ ಕಡಿಮೆ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಂದಿನಿಂದ ದರಗಳು ಹಲವು ಬಾರಿ ಬದಲಾಗಿವೆ. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಹಂತವನ್ನೇ ಕೈಬಿಡಲಾಯಿತು; ಪಾನ್ ಮಸಾಲ, ಗುಟ್ಕಾ, ತಂಬಾಕು ಪದಾರ್ಥಗಳನ್ನು ಮಾತ್ರ ಆ ದಿನದ ಬದಲಾವಣೆಯಿಂದ ಹೊರಗಿಡಲಾಯಿತು. ಅಡಿಕೆ ವ್ಯಾಪಾರಕ್ಕೆ ನೇರ ಸಂಬಂಧವಿರುವ ಸಂಗತಿಯಿದು. ಆಗಸ್ಟಿನಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಅಕ್ಟೋಬರಿನ ಸಭೆಯಲ್ಲಿ ಓದಿದವರು ಎಷ್ಟು ತಪ್ಪು ಉತ್ತರಗಳನ್ನು ‘ಸರಿ’ ಎನ್ನಬೇಕಾಗುತ್ತಿತ್ತು ಎಂಬುದನ್ನು ಊಹಿಸಬಹುದು. ಕಾನೂನು, ದರ, ಮಿತಿ, ಕೊನೆಯ ದಿನಾಂಕ ಇವುಗಳ ಪ್ರಶ್ನೆಗಳನ್ನು ಸಭೆಯ ಹಿಂದಿನ ದಿನ ಮತ್ತೊಮ್ಮೆ ತಾಳೆ ನೋಡತಕ್ಕದ್ದು. ಪ್ರತಿ ಪ್ರಶ್ನೆಯ ಹಾಳೆಯ ಹಿಂಬದಿಯಲ್ಲಿ ಆಧಾರವನ್ನೂ ನೋಡಿದ ದಿನಾಂಕವನ್ನೂ ಬರೆದಿಟ್ಟರೆ, ಸಭಿಕರು ಆಕ್ಷೇಪವೆತ್ತಿದಾಗ ಬಾಯಿಮಾತಿನ ಜಗಳಕ್ಕೆ ಎಡೆಯಿರದು.

ಆಕ್ಷೇಪಗಳು ಬಂದೇ ಬರುತ್ತವೆ. ‘ನಿರ್ವಾಹಕರ ತೀರ್ಮಾನವೇ ಅಂತಿಮ’ ಎಂಬ ನಿಯಮ ಅಂಕಕ್ಕೆ ಅನ್ವಯಿಸಬೇಕೇ ಹೊರತು ಸತ್ಯಕ್ಕಲ್ಲ. ಸಭಿಕರು ಹೇಳಿದ್ದೇ ಸರಿಯೆಂದು ತೋರಿದರೆ ಅದನ್ನು ಒಪ್ಪಿ ಅದೇ ಮೈಕಿನಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಅಲ್ಲಿಯೇ ತೀರ್ಮಾನಿಸಲಾಗದ ಪ್ರಶ್ನೆಯನ್ನು ಲೆಕ್ಕದಿಂದ ಬಿಟ್ಟು, ಸರಿಯಾದ ಉತ್ತರವನ್ನು ಸಂಘದ ಸೂಚನಾ ಫಲಕದಲ್ಲಿ ಹಾಕುವುದಾಗಿ ಹೇಳಿ, ಹಾಗೆಯೇ ಹಾಕಬೇಕು.

ವೇಳೆ, ಬಹುಮಾನ, ಇತರ ವಿವರಗಳು

ನಲವತ್ತೈದು ನಿಮಿಷಕ್ಕೆ ಹದಿನೈದು ಪ್ರಶ್ನೆಗಳು ಸಾಕು. ನಿಯಮ ಹೇಳಿ ಒಂದು ಮಾದರಿ ಪ್ರಶ್ನೆ ಆಡಿಸಲು 5 ನಿಮಿಷ. ಪ್ರಶ್ನೆಗೆ ತಲಾ 2 ನಿಮಿಷದಂತೆ 30. ಆಕ್ಷೇಪ, ಸಮಬಲ ಮತ್ತು ಬಹುಮಾನ ವಿತರಣೆಗೆ 10. ಆ ಎರಡು ನಿಮಿಷಗಳಲ್ಲಿ ಸುಮಾರು 50 ಸೆಕೆಂಡ್ ವಿವರಣೆಗೇ ಮೀಸಲಿರಬೇಕು. ಪ್ರಶ್ನೆಯನ್ನು ನಿಧಾನವಾಗಿ ಎರಡು ಬಾರಿ ಓದುವುದು ಕಡ್ಡಾಯ. ಮಳೆಯ ಸದ್ದಿದ್ದರೆ ಕರಿಹಲಗೆಯ ಮೇಲೆ ಆಯ್ಕೆಗಳನ್ನು ಬರೆಯಲು ಒಬ್ಬರನ್ನು ನೇಮಿಸಬೇಕು.

ಸಮಬಲವಾದಾಗ ಅಂದಾಜಿನ ಪ್ರಶ್ನೆ ಉತ್ತಮ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಪರಿಚಿತ. ‘ಇಂದಿನ ಪತ್ರಿಕೆಯಲ್ಲಿ ಬಂದ ನೀರಿನ ಮಟ್ಟ ಎಷ್ಟು?’ ಎಂದು ಚೀಟಿಯಲ್ಲಿ ಬರೆಸಿ, ಹತ್ತಿರ ಬಂದವರನ್ನು ವಿಜೇತರೆನ್ನಬಹುದು. ಅಂದಿನ ಪತ್ರಿಕೆ ನಿರ್ವಾಹಕರ ಮೇಜಿನ ಮೇಲಿರಬೇಕಾದುದು ಅವಶ್ಯ.

ಧ್ವನಿ ಮತ್ತು ಚಿತ್ರದ ಪ್ರಶ್ನೆಗಳು ಒಂದೆರಡು ಇದ್ದರೆ ಸಭೆ ಚೇತರಿಸಿಕೊಳ್ಳುತ್ತದೆ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವವರೆಗೆ ತುಮರಿ ಭಾಗದ ವ್ಯಾಪಾರವೆಲ್ಲ ಲಾಂಚನ್ನು ಅವಲಂಬಿಸಿತ್ತು. ಲಾಂಚಿನ ಎಂಜಿನ್ನಿನ ಸದ್ದನ್ನು ಧ್ವನಿಮುದ್ರಿಸಿಟ್ಟುಕೊಂಡವರಿದ್ದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಆ ಭಾಗದ ಸಭೆಯಲ್ಲಿ ಬೇರೆ ಬೇಕಿಲ್ಲ.

ಬಹುಮಾನ ದೊಡ್ಡದಾದಷ್ಟೂ ಜಗಳ ದೊಡ್ಡದು. ಗೆದ್ದ ಸಾಲಿನವರೆಲ್ಲರಿಗೂ ಹಂಚಬಹುದಾದ ವಸ್ತುಗಳು ಲೇಸು: ಪುಸ್ತಕ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಪ್ಪೆಮಿಡಿಯ ಉಪ್ಪಿನಕಾಯಿ, ಹೆಗ್ಗೋಡಿನ ಚರಕದ ಕೈಮಗ್ಗದ ಬಟ್ಟೆ, ಸಾಗರದ ಗುಡಿಗಾರರ ಕೆತ್ತನೆಯ ಸಣ್ಣ ವಸ್ತು. ಊರಿನ ಹಣ ಊರಿನಲ್ಲಿಯೇ ಉಳಿಯುತ್ತದೆ. ಪ್ರಾಯೋಜಕರು ಹೆಚ್ಚಿನ ಮೊತ್ತ ಕೊಡಲು ಮುಂದೆ ಬಂದಲ್ಲಿ, ಒಬ್ಬರಿಗೆ ಸಲ್ಲುವ ಬಹುಮಾನ 10,000 ರೂಪಾಯಿ ಮೀರಿದರೆ ಮೂಲದಲ್ಲಿ ಶೇ. 30ರ ತೆರಿಗೆ ಕಡಿತದ ಪ್ರಶ್ನೆ ಬರುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು. ಪ್ರಾಯೋಜಕರ ಉತ್ಪನ್ನಗಳ ಬಗ್ಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಸೇರಿಸಲು ಒಪ್ಪಬಾರದು. ಔಷಧಿ ಮಾರುವ ಕಂಪನಿಯೇ ಔಷಧಿಯ ಪ್ರಶ್ನೆಗೆ ಉತ್ತರ ಬರೆದುಕೊಡುವ ಪ್ರಸಂಗವನ್ನಂತೂ ಸಂಪೂರ್ಣವಾಗಿ ತಪ್ಪಿಸಬೇಕು.

ಸಭೆ ಮುಗಿದ ಬಳಿಕ ಹದಿನೈದೂ ಪ್ರಶ್ನೆಗಳನ್ನು ಉತ್ತರ ಮತ್ತು ವಿವರಣೆ ಸಹಿತ ಒಂದು ಹಾಳೆಯಲ್ಲಿ ಮುದ್ರಿಸಿ ಸದಸ್ಯರಿಗೆ ತಲುಪಿಸಬಹುದು. ಸಭೆಗೆ ಬಾರದ ಸದಸ್ಯರ ಕೈಗೂ ಇದು ಸೇರುತ್ತದೆ. ಯಾವ ಪ್ರಶ್ನೆಗೆ ಎಷ್ಟು ಹಾಳೆಗಳು ತಪ್ಪು ಬಣ್ಣ ತೋರಿಸಿದವು ಎಂಬ ಲೆಕ್ಕವನ್ನು ಅಂಕ ಬರೆಯುವವರು ಗುರುತಿಸಿಟ್ಟರೆ, ಮುಂದಿನ ಕಾರ್ಯಾಗಾರದ ವಿಷಯ ಯಾವುದಿರಬೇಕೆಂದು ಆಡಳಿತ ಮಂಡಳಿ ತಡಕಾಡಬೇಕಾಗಿಲ್ಲ. ಕೊನೆಯ ಪ್ರಶ್ನೆ ಮಾತ್ರ ಹೊಸನಗರದ ಕಡೆಗೆ ಹೋಗುವ ಸಂಜೆಯ ಬಸ್ಸಿಗೆ ಅರ್ಧ ಗಂಟೆ ಮುಂಚೆಯೇ ಮುಗಿದಿರಬೇಕು.